ಮಂಗಳವಾರದ ಕಡಲು

"ಅಣ್ಣನ ಕೈ ಬಿಟ್ಟು ತಾನೊಬ್ಬನೇ ಈಜಿ ಬಂದ ಜೇಡನಿಗೆ ಊರವರು ಏನು ಕೊಟ್ಟರು ಗೊತ್ತಾ? ಡೋಲು ಕೊಟ್ಟರು! ಅದೂ ಸತ್ತವನ ಡೋಲು!"

ನಗಲು ಬಾಯಿ ತೆರೆದಿದ್ದ ಜನ ಅರ್ಧಕ್ಕೇ ನಿಲ್ಲಿಸಿ ಎಕೋನ ಕಡೆ ತಿರುಗಿದರು. ಡೋಲು ಅವನ ಮೊಣಕಾಲುಗಳ ನಡುವೆ ಇತ್ತು. ಅವನ ಅಣ್ಣ ಬೆಂಟ್ಸಿಲ್ ಬಾರಿಸುತ್ತಿದ್ದ ಡೋಲು. ಬೆಂಟ್ಸಿಲ್ ಕಡಲಿನ ಪಾಲಾಗಿ ಎರಡು ತಿಂಗಳಾಗಿತ್ತು.

ಹೇಳಿದವನು ಕ್ವಾನ್ಸಾ. ಠಕ್ಕ ಜೇಡನ ಕತೆಗಳನ್ನು ಹೇಳುವ ಊರಿನ ಕತೆಗಾರ, ಬೆಂಟ್ಸಿಲ್‌ಗೆ ಹೆಣ್ಣು ಕೊಟ್ಟ ಮಾವ. ಮಗಳು ಎಫುವಾ ಕಪ್ಪು ಬಟ್ಟೆ ಉಟ್ಟು ಕತೆಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ದಿನ ತುಂಬಿದ ಹೊಟ್ಟೆಯ ಮೇಲೆ ಕೈ ಇತ್ತು.

ಎಕೋನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಡೋಲಿನ ಚರ್ಮದ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಬೇರೆ ಯಾರದೋ ಕೈಗಳ ಹಾಗಿದ್ದವು.

ಸಿಟ್ಟು ಬಂದಿದ್ದರೂ ಏನು ಮಾಡುವ ಹಾಗಿತ್ತು? ಕತ್ತಲಾಗುತ್ತಲೇ, ದೀಪ ಹಚ್ಚಿದ ಮೇಲೆ, ಕ್ವಾನ್ಸಾ ಎಲ್ಲರ ಮುಂದೆ ಕೈ ಮೇಲೆತ್ತಿ, "ನಾನು ಹೇಳೋದು ಸುಳ್ಳು, ಸುಳ್ಳು ಅಂತಲೇ ಕೇಳ್ರಪ್ಪಾ" ಅಂದಿದ್ದ. ಜನ, "ಸುಳ್ಳೇ ಸುರಿ, ಕಿವಿ ಖಾಲಿ ಇದೆ" ಅಂದಿದ್ದರು. ಅಷ್ಟಾಯಿತೆಂದರೆ ಮುಗಿಯಿತು. ಆಮೇಲೆ ಕತೆ ಯಾರಿಗೆ ಎಲ್ಲಿ ಚುಚ್ಚಿದರೂ ಜಗಳಕ್ಕೆ ನಿಲ್ಲುವಂತಿಲ್ಲ. ಚುಚ್ಚಿಸಿಕೊಂಡವನಿಗೆ ಒಂದೇ ದಾರಿ. ಎದ್ದು ನಿಂತು, "ಕತೆ ನಿಲ್ಲಿಸು, ಅವತ್ತು ನಾನೂ ಅಲ್ಲಿದ್ದೆ" ಅನ್ನಬೇಕು. ಹಾಗಂದು ಹಾಡಬೇಕು. ಹಾಡು ಮುಗಿಯುವವರೆಗೆ ಕತೆಗಾರನ ಬಾಯಿಗೆ ಬೀಗ.

"ಏಯ್ ಕ್ವಾನ್ಸಾ, ನಿಲ್ಲಿಸೋ ಕತೆ! ಅವತ್ತು ನಾನೂ ಅಲ್ಲಿದ್ದೆ!"

ಎದ್ದವಳು ಬೊಟ್ವೆ ಅಜ್ಜಿ. ಮೀನಿಗೆ ಹೊಗೆ ಹಾಕಿ ಹಾಕಿ ಕಣ್ಣು ಕೆಂಡವಾಗಿದ್ದ ಮುದುಕಿ.

"ಎಲ್ಲಿದ್ದೆ ಅಜ್ಜಿ?" ಅಂತ ಜನ ಒಕ್ಕೊರಲಲ್ಲಿ ಕೇಳಿದರು. ಕೇಳಲೇಬೇಕು, ಅದೇ ಪದ್ಧತಿ.

"ಜೇಡನ ಚಡ್ಡಿ ಒಳಗಿದ್ದೆ!"

"ಯಾವ ದಿನ ಅಜ್ಜಿ?"

"ನನ್ನ ಕೊನೇ ಹಲ್ಲು ಬಿದ್ದ ದಿನ! ಬಾರಿಸೋ ಎಕೋ, ಸೊಂಟ ಕಾಯ್ತಾ ಇದೆ!"

ಎಂಟು ಕಾಲಿದ್ದರೂ ಒಂದು ಚಪ್ಪಲಿಯೂ ಇಲ್ಲದ ಜೇಡನ ಮೇಲೆ ಏನೋ ಹಾಡಿದಳು. ಹೆಂಗಸರೆಲ್ಲ ಎದ್ದು ಕುಣಿದರು. ಎಕೋನ ಕೈಗಳು ತಾವಾಗಿಯೇ ಬಾರಿಸಿದವು. ಮುದುಕಿ ತನ್ನನ್ನು ಕಾಪಾಡಲು ಎದ್ದಳೆಂದು ಅವನಿಗೆ ತಿಳಿಯಿತು. ಅಷ್ಟೇ. ಒಳಗೆ ಏನೂ ಅಲುಗಲಿಲ್ಲ.

ಹಾಡು ಮುಗಿಯಿತು. ಕ್ವಾನ್ಸಾ ಬೆವರು ಒರೆಸಿಕೊಂಡು ನೇರ ಡೋಲಿನ ಎದುರಿಗೇ ಬಂದು ನಿಂತ.

"ಅಜ್ಜಿ ಚಡ್ಡಿ ಒಳಗಿದ್ಲಂತೆ, ಕತ್ತಲಲ್ಲಿ ಏನೂ ಕಂಡಿರಲ್ಲ. ಆ ಅಣ್ಣನ ಕೈ ಜಾರಿತಾ? ಇವನೇ ಕೊಡವಿಕೊಂಡನಾ? ನಿಜವಾಗ್ಲೂ ಅಲ್ಲಿದ್ದವರು ಯಾರಾದ್ರೂ ಇದ್ದರೆ ಎದ್ದು ಹಾಡ್ಲಿ."

ಅಲ್ಲಿದ್ದವನು ಎಕೋ ಒಬ್ಬನೇ.

ಎರಡು ತಿಂಗಳ ಹಿಂದೆ ಒಂದು ಸೋಮವಾರ ಅಣ್ಣ ತಮ್ಮ ಇಬ್ಬರೂ ಪಕ್ಕದೂರಿನ ದಂಡೆಯಲ್ಲಿ ಮೀನು ಇಳಿಸಿ, ಅಲ್ಲೇ ದೋಣಿಯ ನೆರಳಲ್ಲಿ ಮಲಗಿದ್ದರು. ಬೆಳಗ್ಗೆ ಎದ್ದರೆ ಮೀನಿನ ಹಿಂಡು ದಡದವರೆಗೆ ಬಂದು ನೀರು ಕುದಿಯುವ ಹಾಗೆ ಮಿಂಚುತ್ತಿತ್ತು. ಮಂಗಳವಾರ. ಮಂಗಳವಾರ ಕಡಲು ಕಡಲಿನದು, ಅವತ್ತು ಯಾರೂ ಬಲೆ ಮುಟ್ಟುವುದಿಲ್ಲ.

"ಬೇಡ ಅಣ್ಣ, ಇವತ್ತು ಬೇಡ" ಅಂದಿದ್ದ ಎಕೋ.

"ಲೇ, ನಾನು ಮಂಗಳವಾರ ಹುಟ್ಟಿದವನು. ಇದು ನನ್ನ ದಿನ. ನನ್ನ ದಿನದ ಕಡಲು ನನ್ನನ್ನೇನು ಮಾಡುತ್ತೆ? ಒಂದೇ ಒಂದು ಸಲ ಬಲೆ ಬಿಡೋಣ ಬಾ."

ಬಂಡೆಯ ಹತ್ತಿರ ಅಲೆ ದೋಣಿಯನ್ನು ಮಗುಚಿತು. ಬಲೆ ಬೆಂಟ್ಸಿಲ್‌ನ ಕಾಲಿಗೆ ಸುತ್ತಿತ್ತು. ಎಕೋ ಅವನ ಮಣಿಕಟ್ಟು ಹಿಡಿದಿದ್ದ. ಬಿಡಲಿಲ್ಲ. ಬಲೆಯೇ ಎಳೆದುಕೊಂಡಿತು. ಬುಧವಾರ ಹೆಣ ಸಿಕ್ಕಿತು. ಸೋಮವಾರ ರಾತ್ರಿ ಮರಳಿ ಬರುವಾಗ ಮುಳುಗಿದ ಅಂತ ಊರು ತಾನೇ ಅಂದುಕೊಂಡಿತು. ಎಕೋ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಮಂಗಳವಾರ ಕಡಲಿಗಿಳಿದು ಸತ್ತವನ ಹೆಸರನ್ನು ಆ ಊರಲ್ಲಿ ಮತ್ತೆ ಕರೆಯುವುದಿಲ್ಲ. ತೀರಿಕೊಂಡ ಹಿರಿಯರ ಹೆಸರು ಹಿಡಿದು ಹೆಂಡ ಎರೆಯುವಾಗ ಆ ಹೆಸರಿಲ್ಲ. ಹುಟ್ಟುವ ಕೂಸಿಗೂ ಆ ಹೆಸರಿಲ್ಲ. ಎಫುವಾ ಆಗಲೇ ಬಾವಿಕಟ್ಟೆಯಲ್ಲಿ ಸಾರಿಬಿಟ್ಟಿದ್ದಳು: "ಗಂಡಾದ್ರೂ ಬೆಂಟ್ಸಿಲ್, ಹೆಣ್ಣಾದ್ರೂ ಬೆಂಟ್ಸಿಲ್ಲೇ. ನಗೋರು ನಗ್ಲಿ." ಅವಳಿಗೆ ಉಳಿದದ್ದು ಅದೊಂದೇ.

ಈಗ ಎದ್ದರೆ ಜನ ಎಲ್ಲಿದ್ದೆ ಅನ್ನುತ್ತಾರೆ. ಆಮೇಲೆ ಯಾವ ದಿನ ಅನ್ನುತ್ತಾರೆ. ಅಜ್ಜಿಯಾದರೆ ಹಲ್ಲು ಬಿದ್ದ ದಿನ ಅಂದುಬಿಡಬಹುದು. ಅಣ್ಣನ ಡೋಲಿನ ಮೇಲೆ ಕೈಯಿಟ್ಟು, ಅಣ್ಣ ಸತ್ತ ದಿನವನ್ನು ಸುಳ್ಳು ಹಾಡುವುದು ಎಕೋನಿಂದ ಆಗದ ಮಾತು.

"ಏನೋ, ಹಾಡಿಲ್ವಾ?" ಅಂದ ಕ್ವಾನ್ಸಾ. ಅವನ ದನಿ ಒಡೆದಿತ್ತು.

"ಹಾಡು ಎಕೋ! ಎದ್ದು ಒಂದು ಸಲ ಹಾಡಿಬಿಡು ಮಾರಾಯ!" ಹಿಂದಿನಿಂದ ಕೂಗಿದರು. ಕೂಗಿದವರು ಅವನ ಕಡೆಯವರೇ. ಒಂದು ಹಾಡು ಹಾಡಿದ್ದರೆ ಊರಿಗೆ ಊರೇ ದನಿಗೂಡಿಸುತ್ತಿತ್ತು.

ಎಫುವಾ ಕಂಬ ಹಿಡಿದು ಮುಂದಕ್ಕೆ ಬಾಗಿದಳು. "ಎಕೋ, ಅಪ್ಪನ ಮಾತು ಬಿಡು. ನಿನ್ನ ಅಣ್ಣ ಕೊನೆಗೆ ಏನಂದ್ರು? ಅಷ್ಟನ್ನಾದ್ರೂ ಹೇಳು."

ಇದು ನನ್ನ ದಿನ ಅಂದಿದ್ದ.

ಎಕೋ ಎದ್ದ. ಬೊಟ್ವೆ ಅಜ್ಜಿ ಚಪ್ಪಾಳೆಗೆ ಎರಡೂ ಅಂಗೈ ಎತ್ತಿ ಕಾದಳು.

ಅವನು ಡೋಲನ್ನು ಎತ್ತಿ ತಂದು ಎಫುವಾ ಒರಗಿದ್ದ ಕಂಬಕ್ಕೇ ಒರಗಿಸಿದ. ಬೀಳದ ಹಾಗೆ ಬುಡಕ್ಕೆ ಮಣ್ಣು ಒತ್ತಿದ. ಆಮೇಲೆ ಚಾಪೆಗಳ ನಡುವೆ ದಾರಿ ಮಾಡಿಕೊಂಡು ಹೊರಟ.

"ನೋಡ್ರಪ್ಪಾ, ನೋಡಿ! ಜೇಡ ಎಂಟೂ ಕಾಲಿಗೆ ಬುದ್ಧಿ ಹೇಳ್ತಾ ಇದ್ದಾನೆ! ಅಲ್ವೇನೋ? ಇಲ್ಲಾ ಅನ್ನು ನೋಡೋಣ!"

ಯಾರೋ ಒಬ್ಬರು ನಕ್ಕರು. ಎಫುವಾ ಇನ್ನೊಮ್ಮೆ ಅವನ ಹೆಸರು ಹಿಡಿದು ಕರೆದಳು. ಎಕೋ ಹೊಸ್ತಿಲು ದಾಟಿ ಮರಳಿಗೆ ಇಳಿದ. ತಿರುಗಲಿಲ್ಲ, ನಡೆಯುತ್ತಲೇ ಹೋದ.