ಎಣ್ಣೆ ಕುಡಿದ ಕರಡಿಗೆ

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ, ರಿಕ್ಷಾ ಸ್ಟ್ಯಾಂಡಿನ ಎದುರು ಹೋಟೆಲಿಟ್ಟುಕೊಂಡಿರುವ ತಾರಾನಾಥರಿಗೆ ಮರ ಕಡೆಯುವ ಹುಚ್ಚು ಹಿಡಿದದ್ದು ಹೃದಯದ ಆಪರೇಷನ್ ಆದ ಮೇಲೆ. ಓಡಾಟ ಕಡಿಮೆ ಮಾಡಿ, ಮನಸ್ಸಿಗೆ ಹಿತವಾದದ್ದೇನಾದರೂ ಹಚ್ಚಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೇ ತಡ, ಪುಣ್ಯಾತ್ಮರು ಹೋಟೆಲಿನ ತಾರಸಿಯ ಮೇಲೆ ಒಂದು ಪುಟ್ಟ ಲೇತ್ ತಂದು ಕೂರಿಸಿಯೇ ಬಿಟ್ಟರು. ಹೋಟೆಲಿನವರು ಮಜ್ಜಿಗೆ ಕಡೆಯುವುದನ್ನು ಕಂಡಿದ್ದೇನೆ, ಮರ ಕಡೆಯುವವರನ್ನು ಈಗಲೇ ಕಂಡದ್ದು ಎಂದು ಹೆಂಡತಿ ವಾರಿಜಾ ನಕ್ಕರು. ನಗಲಿ ಬಿಡಿ. ಬುಗುರಿ, ಕೀಲಿಗೊಂಚಲಿನ ಗುಂಡು, ಕುಂಕುಮ ಇಡುವ ಮುಚ್ಚಳದ ಕರಡಿಗೆ ಎಂದು ಕಡೆದು ಕಡೆದು ತಾರಾನಾಥರ ಕೈ ಚೆನ್ನಾಗಿಯೇ ಕುದುರಿತು.

ಈ ಸಲ ಕಡೆದದ್ದು ಮಾತ್ರ ಆಟಕ್ಕಲ್ಲ. ಹೋಟೆಲಿನ ಅಡುಗೆಯ ಸೈದಪ್ಪ ಊರಿಗೆ ಹೊರಟಿದ್ದರು. ಇಂಡಿ ಕಡೆಯವರು, ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವರು ಇಲ್ಲಿಯೇ ತಲೆ ನರೆಸಿಕೊಂಡರು. ಮಂಡಿನೋವು ಜಾಸ್ತಿಯಾಗಿ, ಇನ್ನು ಒಲೆಯೆದುರು ನಿಲ್ಲಲಾರೆ ಎಂದು ಅವರೇ ಹೇಳಿದ್ದರು. ತಾರಾನಾಥರು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಒಂದು ದಿನವೂ ಹೋಟೆಲಿನ ಶಟರ್ ಎಳೆಯದೆ ನಡೆಸಿದ್ದು ಈ ಸೈದಪ್ಪ. ಅಷ್ಟೇ ಆಗಿದ್ದರೆ ಒಂದು ಮಾತು. ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ, ಅದೇ ಮಂಡಿನೋವಿನಲ್ಲಿ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು, ಗಂಜಿ ಆರಿಸಿ ಕುಡಿಸಿ ಹೋಗುತ್ತಿದ್ದರು. ಗುಣವಾಗಿ ಬಂದ ತಾರಾನಾಥರು ಉಂಗುರ ತಂದರೆ ಸೈದಪ್ಪ ಮುಟ್ಟಲಿಲ್ಲ. ಜರಿಯಂಚಿನ ಪಂಚೆ ಕೊಟ್ಟರೆ ದೇವರ ಗೂಡಿನ ಮುಂದೆ ಇಟ್ಟು ಬಂದರು. ತಮ್ಮದೇ ಮನೆಯ ಕೆಲಸಕ್ಕೆ ಯಾರಾದರೂ ಉಡುಗೊರೆ ತೆಗೆದುಕೊಳ್ಳುತ್ತಾರೆಯೇ ಎಂಬುದು ಅವರ ವಾದ. ಹೀಗೆ ಆ ಋಣ ತಾರಾನಾಥರ ಎದೆಯಲ್ಲೇ ಉಳಿದುಹೋಗಿತ್ತು, ಡಾಕ್ಟರ ಕೈಗೂ ಸಿಗದೆ.

ಆದರೆ ಸೈದಪ್ಪನವರ ವಿಭೂತಿಯ ಡಬ್ಬಿಯನ್ನು ನೋಡಿ ತಾರಾನಾಥರಿಗೆ ಒಂದು ದಾರಿ ಹೊಳೆದಿತ್ತು. ಹಣೆಗೆ ವಿಭೂತಿ ಹಚ್ಚದೆ ಸೈದಪ್ಪ ಒಲೆ ಹೊತ್ತಿಸಿದವರಲ್ಲ. ಆ ವಿಭೂತಿ ಇರುತ್ತಿದ್ದದ್ದು ತುಕ್ಕು ಹಿಡಿದ, ಮುಚ್ಚಳ ನಿಲ್ಲದ ತಗಡಿನ ಡಬ್ಬಿಯಲ್ಲಿ. ದೇವರ ಭಸ್ಮಕ್ಕೊಂದು ಒಳ್ಳೆಯ ಕರಡಿಗೆ ಕೊಟ್ಟರೆ ಹೇಗೆ ಬೇಡವೆಂದಾರು? ಮರವೂ ಎಂಥದ್ದು! ತಾರಾನಾಥರ ತಾಯಿ ಸತ್ಯಮ್ಮ ಉಡುಪಿಯಿಂದ ತಂದಿದ್ದ ಮೆಟ್ಟುಕತ್ತಿಯ, ಅಂದರೆ ಈಳಿಗೆಯ, ಹಲಸಿನ ಮಣೆ. ಆಕೆ ಕೂತು ತರಕಾರಿ ಹೆಚ್ಚಿದ್ದು, ಆಮೇಲೆ ಸೈದಪ್ಪ ಕೂತು ಹೆಚ್ಚಲು ಕಲಿತದ್ದು ಅದರ ಮೇಲೆಯೇ. ಕತ್ತಿ ಮುರಿದು ಮೂಲೆ ಸೇರಿದ್ದ ಅದರ ದಪ್ಪನೆಯ ತುದಿಯಲ್ಲಿ ಒಂದೇ ಒಂದು ಕರಡಿಗೆಗೆ ಆಗುವಷ್ಟು ಮರವಿತ್ತು. ಕಡೆದು, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ತಾರಸಿಯಲ್ಲಿ ಪಾರಿವಾಳಗಳ ಕಾಟವೆಂದು ರಾತ್ರಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು.

ಬೆಳಿಗ್ಗೆ ಎಳೆಬಿಸಿಲಿಗೆ ತಾರಸಿ ಹತ್ತಿ, ಮೂಗಿಗೆ ಮಾಸ್ಕ್ ಕಟ್ಟಿ, ಕರಡಿಗೆಯ ಬಾಯಿಗೆ ಟೇಪ್ ಅಂಟಿಸಿ, ಮೇಲೆ ಲ್ಯಾಕರ್ ಸ್ಪ್ರೇ ಹೊಡೆದರು. ಬೇಗ ಒಣಗುವ ಮೆರುಗು. ಸಂಜೆ ಸೈದಪ್ಪನವರ ಸೋಲಾಪುರದ ಗಾಡಿ ಹೊರಡುವುದರೊಳಗೆ ಸಿದ್ಧವಾಗುತ್ತದೆ ಎಂಬುದೇ ಅವರ ಲೆಕ್ಕ. ಆದರೆ ಆ ಮೆರುಗು ಮರದ ಮೇಲೆ ನಿಲ್ಲಲೇ ಇಲ್ಲ. ಹೊಡೆದ ಹೊಡೆದಲ್ಲಿ ಸರಿದು ಸರಿದು, ಕಾವಲಿಯ ಮೇಲಿನ ದೋಸೆಯ ಹಾಗೆ ಮೈತುಂಬಾ ತೂತು. ಇನ್ನೊಂದು ಕೈ ಹೊಡೆದರು. ತೂತು ಮುಚ್ಚಲಿಲ್ಲ, ಬದಿಯಲ್ಲಿ ಮೆರುಗು ಇಳಿದು ಗಡ್ಡೆ ಕಟ್ಟಿತು. ಬೇರೆ ಮರವಿಲ್ಲ, ಬೇರೆ ದಿನವಿಲ್ಲ.

ಕರಡಿಗೆಯನ್ನು ಇಡ್ಲಿ ಪಾರ್ಸೆಲ್ಲಿನ ಡಬ್ಬದಲ್ಲಿಟ್ಟುಕೊಂಡು ರಿಕ್ಷಾದಲ್ಲಿ ವಿಠ್ಠಲವಾಡಿಯ ಬಣ್ಣದ ಅಂಗಡಿಗೆ ಓಡಿದರು. ಅಂಗಡಿಯವನು ಅದನ್ನು ಬೆಳಕಿಗೆ ತಿರುಗಿಸಿ ನೋಡಿ, ಎಣ್ಣೆ ಬಿದ್ದಿದೆಯೇ ಎಂದು ಹಿಂದಿಯಲ್ಲಿ ಕೇಳಿದ. ತಾರಾನಾಥರಿಗೆ ಕೆರಳಿತು. ಹೋಟೆಲಿನವನಾದ ಮಾತ್ರಕ್ಕೆ ಸಿಕ್ಕಿದ್ದಕ್ಕೆಲ್ಲ ಒಗ್ಗರಣೆ ಹಾಕುತ್ತೇನೆಯೇ ಎಂದು ರೇಗಿದರು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಥಿನ್ನರಿನಿಂದ ಎಲ್ಲವನ್ನೂ ತೊಳೆದು ತೆಗೆಯಿರಿ, ಎಣ್ಣೆ ಮೇಲೆ ಬಾರದ ಹಾಗೆ ಒಂದು ಕೈ ಅರಗಿನ ಪಾಲಿಶ್ ಬಳಿಯಿರಿ, ಅದು ಒಣಗಿದ ಮೇಲೆ ಸ್ಪ್ರೇ ಹೊಡೆಯಿರಿ ಎಂದು ಹೇಳಿ, ಬೇಕಾದದ್ದನ್ನೆಲ್ಲ ಕಟ್ಟಿಕೊಟ್ಟ.

ಹೋಟೆಲಿಗೆ ಬಂದವರೇ ಅಡುಗೆಮನೆಗೆ ನುಗ್ಗಿ, ಇದಕ್ಕೆ ಎಣ್ಣೆ ಮುಟ್ಟಿಸಿದವರು ಯಾರು ಎಂದು ಕೇಳಿದರು. ವಾರಿಜಾ ನಾನಲ್ಲಪ್ಪ ಎಂದರು. ಚಟ್ನಿ ರುಬ್ಬುತ್ತಿದ್ದ ಸೈದಪ್ಪ ಕೈ ಒರೆಸಿಕೊಳ್ಳುತ್ತ ಎದ್ದು ನಿಂತರು.

"ಅದು ನಂದ ಕೈ ರೀ, ಶೇಟ್ರ. ಕಿಟಕ್ಯಾಗ ಒಣಾ ಒಣಾ ಇತ್ತು, ಕೊಬ್ಬರಿ ಎಣ್ಣಿ ಸವರಿಟ್ಟೆ. ಮರದ ಸಾಮಾನಕ್ಕ ಬಾಯಿಲ್ಲ, ನಾವ ನೋಡಿ ಎಣ್ಣಿ ಕುಡಿಸಬೇಕು ಅಂತ ಅವ್ವಾರ ಹೇಳಿಕೊಟ್ಟಿದ್ರಲ್ರೀ."

ಅವ್ವಾರು ಎಂದರೆ ಸತ್ಯಮ್ಮ. ಊರಿನಿಂದ ಬಂದ ಹೊಸತರಲ್ಲಿ ಕುಸುಬಿ ಎಣ್ಣೆ ಬಿಟ್ಟು ಬೇರೆ ಎಣ್ಣೆಯ ವಾಸನೆಗೇ ಮುಖ ಕಿವುಚುತ್ತಿದ್ದ ಸೈದಪ್ಪನವರಿಗೆ, ಲಟ್ಟಣಿಗೆ, ಶ್ಯಾವಿಗೆ ಒರಳು, ಮಣೆ ಎಲ್ಲದಕ್ಕೂ ತೆಂಗಿನೆಣ್ಣೆ ಸವರುವುದನ್ನು ಕಲಿಸಿದ್ದು ಆಕೆ. ಆಕೆ ತೀರಿಕೊಂಡು ಎಷ್ಟೋ ಕಾಲವಾಯಿತು. ಮಗ ಮರೆತಿದ್ದ ಪಾಠವನ್ನು ಸೈದಪ್ಪ ಇವತ್ತಿಗೂ ಬಿಟ್ಟಿರಲಿಲ್ಲ. ತಾರಾನಾಥರ ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಯಾರಿಗೆ ಇದು ಎಂದು ಸೈದಪ್ಪ ಕೇಳಿದಾಗ, ಊರಿಗೆ ಹೋಗುವವರೊಬ್ಬರಿಗೆ ಎಂದರು. ಆ ಮನುಷ್ಯನಿಗೆ ಅಷ್ಟಾದರೂ ಹೊಳೆಯಬೇಡವೇ? ಊಹೂಂ. ಹಾಗಾದರೆ ತಡ ಮಾಡುವುದು ಬೇಡ, ಕೆಡಿಸಿದವನು ನಾನು, ನಾನೂ ಕೈ ಹಚ್ಚುತ್ತೇನೆ ಎಂದು ಮಂಡಿ ಹಿಡಿದುಕೊಂಡು ತಾರಸಿಯ ಮೆಟ್ಟಿಲು ಹತ್ತಿದರು.

ಇಬ್ಬರೂ ಕೂತು ಥಿನ್ನರಿನ ಬಟ್ಟೆಯಿಂದ ಹೊರಮೈ ಒರೆಸಿದರು. ಒಳಗೆ ಭಸ್ಮ ಇರುವ ಜಾಗ, ಮೆರುಗು ಬೇಡವೆಂದು ತಾರಾನಾಥರು ಅದನ್ನು ಮುಟ್ಟಲಿಲ್ಲ. ಅರಗಿನ ಪಾಲಿಶ್ ಬಳಿದು ಒಣಗಿಸಿದರು. ಆಮೇಲೆ ತೆಳ್ಳಗೆ ಸ್ಪ್ರೇ, ನಡುವೆ ಬಿಸಿಲು, ಮತ್ತೆ ಸ್ಪ್ರೇ. ಈ ಸಲ ಮೆರುಗು ನಿಂತಿತು. ಕೊನೆಯ ಕೈಯನ್ನು ಸೈದಪ್ಪನವರಿಂದಲೇ ಹೊಡೆಸಿದರು. ಕರಡಿಗೆಯ ಆಚೆಯಿಂದ ಒತ್ತಲು ಶುರುಮಾಡಿ, ಈಚೆ ದಾಟಿದ ಮೇಲೆ ಬಿಡಿ, ಮಧ್ಯೆ ನಿಲ್ಲಬೇಡಿ ಎಂದು ತಾರಾನಾಥರು ಹೇಳಿಕೊಟ್ಟರು. ಸೈದಪ್ಪ ಉಸಿರು ಬಿಗಿಹಿಡಿದು ಹಾಗೆಯೇ ಮಾಡಿದರು. ಹಲಸಿನ ಹಳದಿ ಬಿಸಿಲಿಗೆ ಥಳಥಳ ಹೊಳೆಯಿತು.

ಸಂಜೆ ಚೀಲ ಹೆಗಲಿಗೇರಿಸಿ, ಕೊನೆಯ ಸಲ ಒಲೆಗೆ ಕೈಮುಗಿಯಲು ಬಂದ ಸೈದಪ್ಪ ತಮ್ಮ ತಗಡಿನ ಡಬ್ಬಿಗಾಗಿ ದೇವರ ಗೂಡಿನಲ್ಲಿ ಕೈಯಾಡಿಸಿದರು. ಕೈಗೆ ಸಿಕ್ಕಿದ್ದು ಕರಡಿಗೆ. ತೆರೆದರೆ ಅವರದೇ ವಿಭೂತಿ. ಅವರು ಮುಚ್ಚಳ ಹಾಕಿ, ಅಭ್ಯಾಸಬಲದಿಂದ ವಾಪಸು ಚಾಚಿದರು. ತಾರಾನಾಥರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬೇಡ ಅನ್ನುವ ಹಾಗಿಲ್ಲ, ಸೈದಪ್ಪಣ್ಣ. ಮಣೆ ಅಮ್ಮನದ್ದು, ಎಣ್ಣೆ ನಿಮ್ಮದು, ಕೊನೆಯ ಕೈಯೂ ನಿಮ್ಮದೇ. ನಾನು ಕೊಡುವುದು ಇದರಲ್ಲಿ ಎಂಥ ಉಂಟು?"

ಸೈದಪ್ಪ ಮತ್ತೆ ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದರು. "ಒಳಗ ಅವ್ವಾರ ಎಣ್ಣಿ ವಾಸನಿ ಹಂಗ ಐತ್ರೀ," ಎಂದು ಕಣ್ಣೊರೆಸಿಕೊಂಡರು.

ಆಮೇಲೆ ವಿಭೂತಿಯಲ್ಲಿ ಬೆರಳು ಅದ್ದಿದರು. ತಮ್ಮ ಹಣೆಗಲ್ಲ, ತಾರಾನಾಥರ ಹಣೆಗೆ ಅಡ್ಡಕ್ಕೆ ಎಳೆದರು, ಎದೆ ಗಟ್ಟಿ ಇರಲಿ ಎಂದು ಹರಸುತ್ತ. ಕೊಡಲು ಹೋದವರು ಮತ್ತೆ ಪಡೆದುಕೊಂಡೇ ನಿಂತರು. ಆ ರಾತ್ರಿ ಗಲ್ಲಾದ ಮುಂದೆ ಕೂತಿದ್ದಾಗ, ಇದೇನು ಶೇಟ್ರ ಹಣೆಯಲ್ಲಿ ಹೊಸತು ಎಂದು ಗಿರಾಕಿಗಳು ಕೇಳಿದರು. ತಾರಾನಾಥರು ಒರೆಸಲಿಲ್ಲ, ನಮ್ಮ ಮನೆಯವರೊಬ್ಬರು ಹಚ್ಚಿ ಹೋದರು ಎಂದರು.