ಆರಿಸಿದ ಕೆಂಪು ದೀಪ

ಟಿವಿಯಲ್ಲಿ ನಿರ್ದೇಶಕ ತನ್ನ ಹಳೆಯ ಸಿನಿಮಾದ ಕಥೆಗಳನ್ನು ಬಿಚ್ಚುತ್ತಲೇ ಇದ್ದ. ಎಂಬತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ಮುಪ್ಪು ಬಂದಿರಲಿಲ್ಲ. ನಾಯಕಿ ಕುದುರೆಯಿಂದ ಬಿದ್ದದ್ದು, ಸುಳ್ಳು ಮಳೆ ಸುರಿಸಲು ಹೋಗಿ ಊಟದ ಪಾತ್ರೆಗಳಿಗೆಲ್ಲ ನೀರು ತುಂಬಿದ್ದು, ಎಲ್ಲ ಆಯಿತು. ಸೋಫಾದ ಒಂದು ತುದಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದವಳು ತನ್ನ ಹೆಸರು ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತಿದ್ದಳು. ಆ ಚಿತ್ರದಲ್ಲಿ ನಾಯಕಿಗೆ ದನಿ ಕೊಟ್ಟವಳು ಅವಳೇ. ಇನ್ನೊಂದು ತುದಿಯಲ್ಲಿ ಅದೇ ಚಿತ್ರದ ಧ್ವನಿ ಮುದ್ರಿಸಿದವನು, ಅವಳ ಗಂಡ, ಪೇಪರನ್ನು ಮುಖಕ್ಕೆ ಹಿಡಿದಿದ್ದ.

ಅಟ್ಟ ಹತ್ತಿದವರಿಗೆ ಏಣಿ ಎಲ್ಲಿ ನೆನಪಿರುತ್ತೆ ಎಂದು ಅವಳು ಗೊಣಗಿದಳು. ಗಂಡ ನಗಲಿಲ್ಲ. ಚಾನೆಲ್ ಬದಲಿಸು ಎಂದು ಎರಡನೇ ಸಲ ಹೇಳಿದ.

ಅಷ್ಟರಲ್ಲಿ ಕೊನೆಯ ದೃಶ್ಯದ ಮಾತು ಬಂತು. ಸತ್ತ ತಂದೆಯ ಮಂಚದ ಬಳಿ ನಾಯಕಿ ಒಂದೂ ಮಾತಾಡದೆ ಅಳುವ ಎರಡು ನಿಮಿಷ.

"ಅದು ನಟನೆ ಅಲ್ಲ," ಎಂದ ನಿರ್ದೇಶಕ. "ಡಬ್ಬಿಂಗ್ ಹುಡುಗಿಯ ಅಪ್ಪ ಅದೇ ತಿಂಗಳು ತೀರಿಕೊಂಡಿದ್ರು. ಇವತ್ತು ಅಳೋಕಾಗಲ್ಲ ಅಂತ ಹಠ ಹಿಡಿದ್ಲು. ಬರೀ ರಿಹರ್ಸಲ್ ಅಮ್ಮಾ ಅಂತ ಹೇಳಿ, ಕೆಂಪು ದೀಪ ಆರಿಸಿ ಟೇಪ್ ಓಡಿಸಿದ್ವಿ. ರೆಕಾರ್ಡಿಸ್ಟ್ ಅವಳ ಗಂಡನೇ. ಕರುಳು ಹಿಂಡೋ ಹಾಗೆ ಏನಾದ್ರೂ ಹೇಳಯ್ಯ ಅಂದೆ. ಏನು ಹೇಳಿದ್ನೋ ಮಹಾರಾಯ, ಒಂದೇ ಟೇಕು."

ಅವಳ ಕೈ ನಿಂತಿತು. ಸ್ಟುಡಿಯೋದಲ್ಲಿ ಕೆಂಪು ದೀಪವೆಂದರೆ ಆಣೆ ಇಟ್ಟಷ್ಟೇ ನಂಬಿಕೆ. ಉರಿಯುತ್ತಿದ್ದರೆ ಉಸಿರು ಬಿಗಿಹಿಡಿಯಬೇಕು. ಆರಿದ್ದರೆ ಕೆಮ್ಮಬಹುದು, ಸೀನಬಹುದು, ನಿರ್ದೇಶಕನನ್ನೇ ಬೈಯಬಹುದು. ಅಂದು ದೀಪ ಆರಿತ್ತು. ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತ ನಿಂತಿದ್ದವಳ ಕಿವಿಗೆ ಗಾಜಿನಾಚೆಯಿಂದ ಗಂಡನ ದನಿ ಮೆಲ್ಲಗೆ ಬಂದಿತ್ತು. "ನಿಂಗೆ ಹೇಳಿರ್ಲಿಲ್ಲ. ಹೋಗೋ ಮುಂಚೆ ಮಾವ ಎರಡು ಸಲ ಗುಬ್ಬೀ, ಗುಬ್ಬೀ ಅಂತ ಕೂಗಿದ್ರು." ಆಮೇಲೆ ಟಿಕ್ ಎಂದು ಅವನು ಮಾತಿನ ಗುಂಡಿ ಬಿಟ್ಟ ಸದ್ದು.

ಗುಬ್ಬಿ ಎಂಬುದು ಅಪ್ಪ ಅವಳಿಗಿಟ್ಟ ಮುದ್ದಿನ ಹೆಸರು. ಅಪ್ಪ ಕಣ್ಣು ಮುಚ್ಚಿದಾಗ ಆಸ್ಪತ್ರೆಯಲ್ಲಿ ಇದ್ದವನು ಅಳಿಯನೊಬ್ಬನೇ. ಅವನಿಗೆ ರಜೆ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಆ ಹೊತ್ತಿನಲ್ಲಿ ಅವಳು ನಾಯಕಿಯ ಪರವಾಗಿ ಕಿಲಕಿಲ ನಗುತ್ತಿದ್ದಳು. ಟೇಪ್ ನಿಲ್ಲಿಸೋದು ಮರೆತುಬಿಟ್ಟೆ ಎಂದು ಗಂಡ ಆಮೇಲೆ ಕೈಹಿಡಿದು ಕ್ಷಮೆ ಕೇಳಿದಾಗ, ಮರೆವು ಯಾರಿಗಿಲ್ಲ ಎಂದು ನಂಬಿದ್ದಳು. ಆ ಅಳು ಚಿತ್ರದಲ್ಲೇ ಇರಲಿ, ಅಪ್ಪನಿಗೆ ಸಲ್ಲಲಿ ಎಂದು ಒಪ್ಪಿಯೂ ಇದ್ದಳು. ಕೊನೆಗಾಲಕ್ಕೆ ಬಳಿಯಲ್ಲಿರಲಿಲ್ಲವೆಂಬ ಕೊರಗು ಎದ್ದಾಗಲೆಲ್ಲ ಆ ಎರಡು ಕೂಗನ್ನು ನೆನೆದು ಸಮಾಧಾನಪಟ್ಟುಕೊಂಡಿದ್ದಳು. ತಾತ ನನ್ನನ್ನೇ ಕರೆದು ಹೋದರು ಎಂದು ಮಗಳಿಗೂ ಹೇಳಿದ್ದಳು. ಹೀಗೆ ನಲವತ್ತೆರಡು ವರ್ಷ.

ದೀಪದ ಮೋಸವನ್ನಾದರೆ ಹೇಗೋ ನುಂಗಿಕೊಳ್ಳಬಹುದು, ಹೊಟ್ಟೆಪಾಡು ಎಂದುಕೊಳ್ಳಬಹುದು. ಆದರೆ ಇದು?

"ರೀ, ಪೇಪರ್ ಕೆಳಗಿಡಿ."

ಇಟ್ಟ.

"ದೀಪದ ವಿಷಯ ಹಾಗಿರ್ಲಿ. ಅಪ್ಪ ಕೂಗಿದ್ದು ನಿಜಾನಾ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ. ಆಗ ಮಗಳು ಹೊಟ್ಟೆಯಲ್ಲಿದ್ದಳು, ಆ ನಿರ್ದೇಶಕನಿಗೆ ಇಲ್ಲ ಎಂದಿದ್ದರೆ ಮಾರನೇ ದಿನವೇ ಕೆಲಸ ಹೋಗುತ್ತಿತ್ತು ಎಂದೆಲ್ಲ ಹೇಳಿದ. ಅವಳು ಕೇಳಿದ್ದು ಅದಲ್ಲವೆಂದಳು.

"ಅವರಿಗೆ ಹಿಂದಿನ ದಿನದಿಂದಾನೇ ಪ್ರಜ್ಞೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಟಿವಿಯಲ್ಲಿ ಆ ದೃಶ್ಯ ಶುರುವಾಯಿತು. ಗಂಡ ರಿಮೋಟಿಗೆ ಕೈ ಚಾಚಿದ. ಅವಳು ಅದನ್ನೆತ್ತಿಕೊಂಡು ಸದ್ದು ಹೆಚ್ಚಿಸಿದಳು. ನಾಯಕಿ ಮಂಚದ ಅಂಚು ಹಿಡಿದು ಬಗ್ಗಿದಳು. ಸಣ್ಣದಾಗಿ ಟಿಕ್ ಎಂದಿತು. ನಾಯಕಿಯ ಬಳೆ ಮಂಚಕ್ಕೆ ತಾಗಿದ ಸದ್ದೆಂದು ಇಷ್ಟು ವರ್ಷವೂ ಅವಳು ಅಂದುಕೊಂಡಿದ್ದಳು.

ಗಂಡ ಎದ್ದು ಒಳಗೆ ಹೊರಟ.

"ಕೂತ್ಕೊಳ್ಳಿ," ಎಂದಳು. "ಪೂರ್ತಿ ಕೇಳಿ."

ಅವನು ಕೂತ. ಟಿವಿಯಲ್ಲಿ ಅವಳ ಅಳು ಎರಡು ನಿಮಿಷ ಕೋಣೆ ತುಂಬಿತು. ಸೋಫಾದ ಮೇಲೆ ಅವಳು ಬಟಾಣಿ ಸುಲಿಯುತ್ತಿದ್ದಳು.