ಕುದಿನೀರಿನ ಚೀಟಿ

೨೦೦೫ರಲ್ಲಿ ನರ್ಸ್ ಕೆಲಸಕ್ಕೆಂದು ಡಬ್ಲಿನ್ನಿಗೆ ಹೋದಾಗ ನನಗೆ ಮೊದಲು ವಾಕರಿಕೆ ತರಿಸಿದ್ದು ಅಲ್ಲಿನ ಅಡುಗೆಮನೆ. ಒಲೆಯ ಪಕ್ಕದಲ್ಲೇ ಬಟ್ಟೆ ಒಗೆಯುವ ಮಿಷನ್ನು! ಸಾರು ಕುದಿಯುವ ಕಡೆ ಒಳಲಂಗ ತಿರುಗುವುದೇ? ಥೂ ಎಂದುಕೊಂಡೆ. ಅದೇ ಮನೆಯಲ್ಲಿ ನನ್ನ ಜೊತೆಗಿದ್ದ ಹರಿತಾ ಅಕ್ಕನೂ ಮೂಗು ಮುಚ್ಚಿಕೊಂಡಳು. ಅವಳೂ ನಮ್ಮ ಆಸ್ಪತ್ರೆಯ ನರ್ಸೇ, ಗೌರಿಬಿದನೂರಿನವಳು. ನಾನು ಚಿಂತಾಮಣಿ ಕಡೆ, ಅಂಬಾಜಿದುರ್ಗದ ಹತ್ತಿರದವಳು. ಪರದೇಶದಲ್ಲಿ ನಮ್ಮ ಕನ್ನಡ, ನಡುನಡುವೆ ನಮ್ಮ ತೆಲುಗು ಕಿವಿಗೆ ಬಿದ್ದದ್ದೇ ನನಗೆ ಹಬ್ಬ. ಅಕ್ಕ ಇಲ್ಲದಿದ್ದರೆ ಮೊದಲ ತಿಂಗಳೇ ಗಂಟುಮೂಟೆ ಕಟ್ಟುತ್ತಿದ್ದೆ.

ಮಿಷನ್ನಿನ ಗುಂಡಿಯ ಸುತ್ತ ಅಕ್ಷರವೇ ಇಲ್ಲ, ಬರೀ ಚಿತ್ರ, ಅಂಕಿ. ಮೊದಲ ಸಲ ಊರಿನ ಬಕೆಟ್ಟಿನ ಅಂದಾಜಿನಲ್ಲಿ ಎರಡು ಹಿಡಿ ಸೋಪಿನ ಪುಡಿ ಸುರಿದೆವು. ನೊರೆ ಉಕ್ಕಿ ನೆಲವೆಲ್ಲ ತುಂಬಿತು.

"ಮಿಷನ್ನೇ ಕೋಡಿ ಬಿತ್ತಲ್ಲೇ ತನುಜಾ!" ಎಂದು ಅಕ್ಕ ನಕ್ಕು ನಕ್ಕು ನೊರೆಯಲ್ಲೇ ಕೂತಳು.

ಆಮೇಲೆ ನಾನೇ ಒಂದೊಂದು ಚಿತ್ರದ ಗುಟ್ಟು ಬಿಡಿಸಿ ಕನ್ನಡದಲ್ಲಿ ಚೀಟಿ ಅಂಟಿಸಿದೆ. ಮೂವತ್ತಕ್ಕೆ 'ಉಗುರುಬೆಚ್ಚಗೆ', ತೊಂಬತ್ತಕ್ಕೆ 'ಕುದಿನೀರು'. ಇಬ್ಬರ ಬಟ್ಟೆಯೂ ಒಟ್ಟಿಗೇ ತಿರುಗುತ್ತಿತ್ತು.

ಒಂದು ಭಾನುವಾರ, ಊರಿಂದ ತಂದ ಹಿಟ್ಟಿನ ಮುದ್ದೆ ಮುರಿಯುತ್ತಾ ಅಕ್ಕ ಕೇಳಿದಳು. "ನಿಮ್ಮನೆ ದೇವ್ರು ಯಾವ್ದಮ್ಮ?"

"ದೇವ್ರೇನೂ ಇಲ್ಲಕ್ಕ. ಅಪ್ಪ ಬುದ್ಧನ ಪಟ ಒಂದೇ ಇಟ್ಟಿರೋದು."

"ಓ... ಮನೆ ಊರೊಳಗೇನಾ?"

"ಊರಾಚೆ ಕಣಕ್ಕ. ನಮ್ ಕೇರಿ ಬೇರೇನೇ ಅಲ್ವಾ."

ಅಕ್ಕ ಅರ್ಧ ಮುದ್ದೆ ಬಿಟ್ಟು ಕೈ ತೊಳೆದಳು.

ಮಾರನೆಯ ದಿನದಿಂದ ಅವಳ ಬಟ್ಟೆ ಬೇರೆಯಾಯಿತು. ಆ ವಾರ ಅವಳ ಡ್ಯೂಟಿ ಬದಲಾಗಿತ್ತಲ್ಲ, ಅದಕ್ಕಿರಬೇಕು ಎಂದುಕೊಂಡೆ. ಒಂದು ದಿನ ನಾನು ಬಟ್ಟೆ ಒಗೆದು ತೆಗೆದ ಸ್ವಲ್ಪ ಹೊತ್ತಿಗೆ ನೋಡಿದರೆ ಮಿಷನ್ನು ಖಾಲಿ ತಿರುಗುತ್ತಿತ್ತು. ನನ್ನ ಪೆದ್ದುತನ ನೋಡಿ, ಪಾಠ ಹೇಳಲು ನಿಂತೆ.

"ಅಕ್ಕ, ಬಟ್ಟೆ ಹಾಕೋದೇ ಮರ್ತಿದ್ದೀರ. ಬರೀ ನೀರು ಕಾಯ್ತಾ ಇದೆ."

"ಇರ್ಲಿ ಬಿಡಮ್ಮ. ಒಂದ್ಸಲ ತೊಳ್ಕೊಂಡು ಆಮೇಲೆ ಹಾಕ್ತೀನಿ," ಎಂದಳು. ಮುಖ ಎತ್ತಲಿಲ್ಲ.

ಗುಂಡಿ ನನ್ನದೇ ಕೈಬರಹದ 'ಕುದಿನೀರು' ಚೀಟಿಯ ಕಡೆ ತಿರುಗಿತ್ತು. ನನ್ನ ಬಟ್ಟೆ ಒಗೆದ ಮೇಲೆ ಅವಳು ಮಿಷನ್ನನ್ನೇ ಒಗೆಯುತ್ತಿದ್ದಳು. ವಾರ್ಡಿನಲ್ಲಿ ಯಾರ್ಯಾರದೋ ಹೇಲು ಉಚ್ಚೆ ಬಳಿದು ಬರುವ ಕೈ ಇಬ್ಬರದೂ. ಅದಕ್ಕಿಲ್ಲದ ಅಸಹ್ಯ ನನ್ನ ಲಂಗಕ್ಕೆ! ಮನೆ ಬಿಟ್ಟುಬಿಡೋಣ ಅನ್ನಿಸಿತು. ಬಿಟ್ಟರೆ ಅಲ್ಲಿ ನಾನು ಯಾರ ಜೊತೆ ಮಾತಾಡಬೇಕು? ಅದನ್ನು ನೆನೆದೇ ಅಳು ಬಂತು.

ಶನಿವಾರ ಹರಿತಾ ತನ್ನ ಬಟ್ಟೆ ಒಗೆದು ಬುಟ್ಟಿಗೆ ತುಂಬಿಕೊಳ್ಳುವವರೆಗೂ ಕಾದೆ. ನನ್ನ ಬಟ್ಟೆ ಪಕ್ಕಕ್ಕಿಟ್ಟು, ಮಿಷನ್ನಿಗೆ ಬರೀ ಪುಡಿ ಹಾಕಿ, ಗುಂಡಿಯನ್ನು ತೊಂಬತ್ತಕ್ಕೆ ತಿರುಗಿಸಿ, ಎದುರಿಗೆ ಕುರ್ಚಿ ಎಳೆದು ಕೂತೆ.

"ಖಾಲಿ ಯಾಕೆ ಓಡಿಸ್ತಿದ್ದೀಯ?" ಎಂದಳು.

"ಈಗ ತಾನೆ ನೀವು ನಿಮ್ ಬಟ್ಟೆ ಹಾಕಿದ್ರಲ್ಲ, ಅದಕ್ಕೆ," ಎಂದೆ. 'ಅಕ್ಕ' ಅನ್ನಲಿಲ್ಲ.